ಬೀಗದ ಕಿಂಡಿಯ ಬೆಳಕು

ಚಿತ್ರಮಂದಿರದ ಮುಂದೆ ನಿಲ್ಲಿಸುವ ದೊಡ್ಡ ಪೋಸ್ಟರುಗಳನ್ನು ಬಟ್ಟೆಯ ಮೇಲೆ ಕೈಯಲ್ಲೇ ಬರೆಯುತ್ತಿದ್ದವನು ಮಸಿಮಾಮ. ಆ ಅಡ್ಡಹೆಸರು ಅಂಟಿಕೊಂಡದ್ದು ಒಂದೇ ಒಂದು ಪೋಸ್ಟರಿನಿಂದ. ಅದೊಂದು ಕೊಲೆಯ ಸಿನಿಮಾ. ಕೊಲೆಗಾರ ಕೊನೆಯ ರೀಲಿನವರೆಗೂ ಮುಖ ತೋರಿಸುವುದಿಲ್ಲ, ಬರೀ ಬೂಟಿನ ಸದ್ದು. ಅವನನ್ನು ಕಂಡದ್ದು ಬೀಗದ ಕಿಂಡಿಗೆ ಕಣ್ಣಿಟ್ಟ ಒಂದು ಮಗು ಮಾತ್ರ. ಬೇರೆಯವರಾಗಿದ್ದರೆ ಚೂರಿ, ರಕ್ತ ಅಂತ ಬಟ್ಟೆಯನ್ನೆಲ್ಲ ಕೆಂಪು ಮಾಡಿ ಕೈತೊಳೆದುಕೊಳ್ಳುತ್ತಿದ್ದರು. ಇವನು ಬರೆದದ್ದು ಮಸಿ ಬಳಿದ ಆಳೆತ್ತರದ ಕಪ್ಪು. ಅದರೊಳಗೆ ಕಿಂಡಿಯ ಬೆಳಕು ಬಿದ್ದ ಒಂದು ಕಣ್ಣು, ಚೂರು ಕೆನ್ನೆ. ಅಷ್ಟೇ. ಅಬ್ಬಾ, ನೋಡಿದವರು ಟಿಕೆಟ್ ಕೊಳ್ಳುವ ಮೊದಲೇ ಬೆವರುತ್ತಿದ್ದರು!

ಆ ಕಣ್ಣಿಗಾಗಿ ಎದುರಿಗೆ ಕೂರಿಸಿಕೊಂಡು ಬರೆದದ್ದು ತನ್ನ ಮಗಳನ್ನೇ. ಸಿನಿಮಾ ಎತ್ತಿದ ಮೇಲೆ, ಎಂದಿನಂತೆ ತಾನೇ ಬಟ್ಟೆಗೆ ಬಿಳಿ ಬಳಿದು ಮುಂದಿನ ಚಿತ್ರ ಬರೆದ. ಪ್ರತಿ ಸಿನಿಮಾಕ್ಕೂ ಹೊಸ ಬಟ್ಟೆ ಕೊಡಿಸುವ ಮಾಲೀಕ ಯಾವ ಲೋಕದಲ್ಲಿದ್ದಾನೆ? ಅದೇ ವರ್ಷ ಮಗು ಜ್ವರದಲ್ಲಿ ತೀರಿಕೊಂಡಿತು. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇರಲಿಲ್ಲ. ತೆಗೆಸೋಣ ಎಂದು ಹೆಂಡತಿ ಕೇಳಿದಾಗಲೆಲ್ಲ, "ಚಿತ್ರ ಬರೆಯೋನ ಮನೇಲಿ ಫೋಟೋ ಯಾಕೇ?" ಎಂದು ಜಂಬ ಕೊಚ್ಚಿದ್ದ ಪುಣ್ಯಾತ್ಮ! ಆಮೇಲೆ ನೆನಪಿನಿಂದ ಬರೆಯಲು ಕೂತರೆ ಕೈ ದ್ರೋಹ ಮಾಡಿತು. ಪ್ರತಿ ಸಲವೂ ಯಾವುದೋ ನಟಿಯ ಮುಖವೇ ಮೂಡುತ್ತಿತ್ತು.

"ಆ ಬಟ್ಟೆಯ ತಳದಲ್ಲಿ ಇದ್ದಾಳೆ ಕಣೇ, ಎಲ್ಲಿಗೂ ಹೋಗಿಲ್ಲ," ಎನ್ನುತ್ತಲೇ ಮುದುಕನಾದ. ಹೆಂಡತಿ ಆ ಮಾತನ್ನೇ ನಂಬಿ ಜೀವ ಹಿಡಿದುಕೊಂಡಿದ್ದಳು.

ಚಿತ್ರಮಂದಿರ ಕೆಡವುವಾಗ ಅಲ್ಲಿನ ಕಾವಲುಗಾರ ಬಟ್ಟೆಯನ್ನು ಸುರುಳಿ ಸುತ್ತಿ ತಂದುಕೊಟ್ಟ. ಮಂಚ ಎತ್ತಿ ಗೋಡೆಗೆ ಒರಗಿಸಿ, ಕೋಣೆಯ ತುಂಬ ಅದನ್ನು ಹಾಸಿ, ಗಂಡ ಹೆಂಡತಿ ಒದ್ದೆ ಅರಿವೆ ಒತ್ತಿ ಒತ್ತಿ ಮೊಂಡು ಚಾಕುವಿನಿಂದ ಕೆರೆದರು. ನಾಯಕರು, ಖಳರ ಮೀಸೆಗಳು, ನಟಿಯರ ತುಟಿಗಳು, ನಡುನಡುವೆ ಬಿಳಿ, ಒಂದೊಂದೇ ಪದರ ಎದ್ದಿತು.

"ಬಂತು ಕಣೇ, ಕಪ್ಪು ಬಂತು!"

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿದಳು. ಅಷ್ಟರಲ್ಲಿ ಬಣ್ಣದ ದೊಡ್ಡದೊಂದು ಹಕ್ಕಳೆ ಎದ್ದು ಬಂತು. ಅದರ ಬೆನ್ನಿಗೆಲ್ಲ ಮಸಿಯ ಪುಡಿ, ಕೆಳಗೆ ಬರೀ ಬಟ್ಟೆ. ದೀಪದ ಬೆಳಕಿಗೆ ಕಪ್ಪು ಮಿನುಗಬಾರದೆಂದು ಅವನು ಅಂದು ಮಸಿಗೆ ಅಂಟು ಕಮ್ಮಿ ಹಾಕಿದ್ದ, ಅದು ಬಟ್ಟೆಗೆ ಹಿಡಿದಿರಲೇ ಇಲ್ಲ. ಜನ ಬಾಯ್ತುಂಬ ಹೊಗಳಿದ್ದು ಆ ಕಪ್ಪನ್ನೇ. ಕಣ್ಣು ಬರೆದದ್ದೂ ಆ ಕಪ್ಪಿನ ಮೇಲೆಯೇ. ಇನ್ನೇನು ಉಳಿದೀತು? ಹುಚ್ಚನಂತೆ ಮೂಲೆಮೂಲೆ ಕೆರೆದ. ಎಲ್ಲೆಲ್ಲೂ ಅದೇ.

ಹೆಂಡತಿ ಅವನ ಕೈಯಿಂದ ಚಾಕು ತೆಗೆದಿಟ್ಟಳು.

"ಸಾಕು ಬಿಡಿ. ನಂಗೂ ಅವಳ ಮುಖ ಮಸುಕಾಗಿದೆ. ನೀವೇ ಬಾಯಲ್ಲಿ ಹೇಳಿ, ನಾನು ಕಣ್ಣು ಮುಚ್ಕೊಂಡು ನೋಡ್ತೀನಿ. ಮೂಗು ಹೇಗಿತ್ತು ರೀ? ನನ್ನ ಥರಾನಾ, ನಿಮ್ಮ ಥರಾನಾ?"

ಅವಳು ನಿಜಕ್ಕೂ ಕಣ್ಣು ಮುಚ್ಚಿಕೊಂಡು ಕಾದಳು. ಮಸಿಗೆ ಎಷ್ಟು ಅಂಟು, ಕಿಂಡಿ ಎಷ್ಟು ಅಗಲ, ಯಾವ ಕುಂಚ, ಎಲ್ಲವೂ ಅವನಿಗೆ ನೆನಪಿತ್ತು.

"ಮೂಗನ್ನ ಕತ್ತಲಲ್ಲಿ ಬಿಟ್ಟಿದ್ದೆ ಕಣೇ," ಎಂದ.