ಅಪ್ಪನಿಗೆ ಓದಿದ ಮಂಗ್ಯಾನ ಕತೆ

ಕತೆ ಓದಿ ನಿಮ್ಮ ಪ್ರತಿಕ್ರಿಯೆ ಬರೆಯಿರಿ ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೊನ್ನೆ ತಂಗಿಯ ಮೊಮ್ಮಗಳ ಪಾಠಪುಸ್ತಕದಲ್ಲಿ ಅದೇ ಸಾಲು ಕಣ್ಣಿಗೆ ಬಿತ್ತು. ಹುಡುಗನೊಬ್ಬ ಮುಗ್ಧತೆ ಕಳೆದುಕೊಳ್ಳುವ ಕತೆ, ಅದರ ಕೆಳಗೆ ಪ್ರಶ್ನೆ: ನಿಮಗೂ ಇಂಥ ಅನುಭವವಾಗಿದ್ದರೆ ಬರೆಯಿರಿ. ಏನೂ ಆಗಿಲ್ಲ ಅಂತ ಬರೆದು ಮುಗಿಸು ಎಂದೆ. ಮುದುಕಿಗೆ ತಲೆ ಕೆಟ್ಟಿದೆ ಎಂಬಂತೆ ಹುಡುಗಿ ನನ್ನನ್ನು ನೋಡಿತು. ನೋಡಲಿ. ನಾನು ಬರೆದದ್ದರ ಫಲ ಅವಳಿಗೇನು ಗೊತ್ತು.

ಆಗ ನಾನು ಒಂಬತ್ತನೇ ತರಗತಿ. ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿತ್ತು. ನಾವು ವಾಡಿಯಲ್ಲಿದ್ದೆವು, ಊರ ಅಂಚಿನಲ್ಲಿ, ಗೋಡೆಯೂ ಫರ್ಸಿ ಕಲ್ಲು, ನೆಲವೂ ಫರ್ಸಿ, ಮಾಳಿಗೆಯೂ ಫರ್ಸಿಯಾಗಿದ್ದ ಎರಡು ಖೋಲಿಯ ಮನೆಯಲ್ಲಿ. ಅಪ್ಪ ಮಾಲುಗಾಡಿಯ ಎಂಜಿನ್ನಿನಲ್ಲಿ ಫೈರ್‌ಮನ್. ಬೆಂಕಿಯ ಬಾಯಿಗೆ ಸಲಿಕೆಯಿಂದ ಕಲ್ಲಿದ್ದಲು ತುಂಬುವುದೇ ಕೆಲಸ. ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ಹೋಗಿ ಮರಳಿ ಬರುತ್ತಿದ್ದ. ಅವನಿಗಿದ್ದದ್ದು ಒಂದೇ ಆಸೆ, ಡ್ರೈವರ್ ಆಗುವುದು. ಹದಿನೈದು ವರ್ಷ ಸಲಿಕೆ ಹಿಡಿದವನು, ಈ ಸಲ ತನ್ನ ಸರದಿ ಖಂಡಿತ ಎಂದು ಮನೆಯಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಊಟಕ್ಕೆ ಕುಳಿತಾಗ ತಟ್ಟೆ ಪಕ್ಕಕ್ಕೆ ಸರಿಸಿ, ಎಡಗೈಯಲ್ಲಿ ಇಲ್ಲದ ಹಿಡಿಕೆಯನ್ನು ಎಳೆದು ತೋರಿಸುತ್ತಿದ್ದ. ಅವ್ವ ನಗುತ್ತಿದ್ದಳು.

ನಮ್ಮ ಮನೆಯ ಶೆಗಡಿ ಒಲೆ ಉರಿಯುತ್ತಿದ್ದದ್ದು ಅದೇ ಎಂಜಿನ್ನಿನ ಇದ್ದಲಿನಿಂದ. ಊರಾಚೆ ಹಳಿ ತಿರುಗುವ ಕಡೆ ಒಂದು ಬೇವಿನ ಮರವಿತ್ತು. ಮಧ್ಯಾಹ್ನದ ಗಾಡಿ ಬರುವ ಹೊತ್ತಿಗೆ ನಾನು ಬುಟ್ಟಿ ಹಿಡಿದು ಆ ಮರದ ಕೆಳಗೆ ನಿಲ್ಲಬೇಕು. ಗಾಡಿ ಹೋದ ಮೇಲೆ ಹಳಿಯ ಪಕ್ಕ ಬಿದ್ದ ತುಂಡುಗಳನ್ನು ಆರಿಸಿ ತರಬೇಕು. ಅಲ್ಲೇ ಯಾಕೆ ಬೀಳುತ್ತದೆ ಎಂದು ಸಣ್ಣವಳಿದ್ದಾಗ ಕೇಳಿದ್ದಕ್ಕೆ, ತಿರುವಿಗೆ ಬಂದಾಗ ಎಂಜಿನ್ನಿಗೆ ಬಿಕ್ಕಳಿಕೆ ಬರುತ್ತದೆ, ಆಗ ಬಾಯಿಂದ ಇದ್ದಲು ಉದುರುತ್ತದೆ ಎಂದು ಅಪ್ಪ ಹೇಳಿದ್ದ. ನಾನು ನಂಬಿದ್ದೆ. ಪಾಪ, ಅದಕ್ಕೆ ಯಾರಾದರೂ ನೀರು ಕುಡಿಸಬಾರದೇ ಎಂದು ಅವ್ವನನ್ನು ಕೇಳಿದ್ದೆನಂತೆ.

ಹನ್ನೊಂದು ವರ್ಷದವಳಿದ್ದಾಗ ಒಂದು ದಿನ ಹಳಿಯ ಆಚೆ ಬದಿಗೆ ನಿಂತಿದ್ದೆ. ಅಲ್ಲಿಂದ ಎಂಜಿನ್ನಿನ ಒಳಗೆಲ್ಲ ಕಾಣುತ್ತಿತ್ತು. ತಿರುವು ಬಂದೊಡನೆ ಡ್ರೈವರ್ ಮುಖವನ್ನು ಬೇರೆ ಕಡೆ ಹೊರಳಿಸಿಕೊಂಡ. ಅಪ್ಪ ಸಲಿಕೆ ತುಂಬಿ ಮರದ ಕಡೆಗೆ ಎರಡು ಸಲ ಬೀಸಿ ಎಸೆದ. ಆಮೇಲೆ ತಿರುಗಿದವನ ಕಣ್ಣಿಗೆ ನಾನು ಬಿದ್ದೆ. ದಿನಾ ಕೈ ಬೀಸುವವನು ಅಂದು ಬೀಸಲಿಲ್ಲ. ಎಂಜಿನ್ನಿನ ಬಿಕ್ಕಳಿಕೆಯ ಸುದ್ದಿ ನಮ್ಮ ಮನೆಯಲ್ಲಿ ಮತ್ತೆ ಬರಲೇ ಇಲ್ಲ. ಬುಟ್ಟಿ ಮಾತ್ರ ಮೊದಲಿನಂತೆಯೇ ತುಂಬಿ ಬರುತ್ತಿತ್ತು.

ಇನ್ನು ನಮ್ಮ ಕನ್ನಡ ಮಾಸ್ತರರು. ಆಚಾರ್ಯರ ಮನೆತನದವರು, ಮೆತ್ತಗಿನ ಮಾತು, ಯಾರಿಗೂ ಬೆತ್ತ ಎತ್ತಿದವರಲ್ಲ. ನನಗೆ ಅವರೆಂದರೆ ದೇವರು. ಒಂದು ದಿನ ಯಾವುದೋ ಹಳೆಯ ಮಾಸಪತ್ರಿಕೆ ತಂದು ಒಂದು ಸಣ್ಣ ಕತೆ ಓದಿದರು. ಗುಡಿಯ ಮಾವಿನ ತೋಪು ಕಾಯುವವನ ಮಗ. ದಿನವಿಡೀ ಕವಣೆ ಹಿಡಿದು ಮಂಗಗಳನ್ನು ಓಡಿಸುತ್ತಾನೆ, ಕಾಯಿ ಕಳುವಾಗುವುದು ಅವುಗಳಿಂದಲೇ ಎಂದು ಅಪ್ಪ ಹೇಳಿದ್ದಾನೆ. ಒಂದು ದಿನ ಅಪ್ಪನೇ ಧೋತರದ ತುಂಬ ಕಾಯಿ ಕಟ್ಟಿಕೊಳ್ಳುವುದನ್ನು ಹುಡುಗ ನೋಡುತ್ತಾನೆ. ಮರುದಿನ ಮಂಗ ಎದುರಿಗೆ ಕುಳಿತು ಕಾಯಿ ತಿಂದರೂ ಅವನ ಕವಣೆ ಏಳುವುದಿಲ್ಲ. ಇಷ್ಟೇ ಕತೆ. ಇದಕ್ಕೆ ಪ್ರತಿಕ್ರಿಯೆ ಬರೆಯಿರಿ, ಹುಡುಗಿಯರೂ ಆ ಹುಡುಗನ ಜಾಗದಲ್ಲಿ ನಿಂತು ಬರೆಯಿರಿ ಎಂದರು. ಹುಡುಗ ನೋಡಿದರೆ ಕತೆಯಾಗುತ್ತದೆ, ಹುಡುಗಿ ನೋಡಿದರೆ ಬುಟ್ಟಿ ತುಂಬಿಕೊಂಡು ಮನೆಗೆ ಬರಬೇಕು. ಇದು ಈಗ ಹೇಳುವ ಮಾತು, ಆಗ ಹೊಳೆದಿರಲಿಲ್ಲ.

“ಖರೇನ ಬರೀರಿ,” ಎಂದರು ಮಾಸ್ತರರು. “ನಾನಲ್ದ ಇನ್ನೊಬ್ರು ಓದಂಗಿಲ್ಲ.”

ನಾನು ಖರೆಯನ್ನೇ ಬರೆದೆ. ಬಿಕ್ಕಳಿಕೆ, ಬೇವಿನ ಮರ, ಹಳಿಯ ತಿರುವು, ಮಧ್ಯಾಹ್ನದ ಗಾಡಿ, ಮುಖ ಹೊರಳಿಸಿದ ಡ್ರೈವರ್, ಎರಡು ಸಲಿಕೆ, ಒಂದನ್ನೂ ಬಿಡಲಿಲ್ಲ. ಬರೆಯುವಾಗ ಅಳು ಬಂತು, ಎದೆ ಹಗುರಾಯಿತು. ಮಾಸ್ತರರು ನಮ್ಮ ಪಟ್ಟಿ ಪುಸ್ತಕ ಮರಳಿಸುವಾಗ ನನ್ನ ತಲೆ ಮುಟ್ಟಿ, ನೀನು ಮುಂದೆ ದೊಡ್ಡ ಲೇಖಕಿಯಾಗುತ್ತೀ ಎಂದರು. ಹದಿನಾಲ್ಕು ವರ್ಷದವಳಿಗೆ ಅಷ್ಟು ಸಾಕಾಗಿತ್ತು. ಮೂರು ದಿನ ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ಆ ತಿಂಗಳೇ ಶಾಲೆಯ ಗ್ಯಾದರಿಂಗ್. ನಾಟಕ, ಹಾಡು, ಬಹುಮಾನ, ಅದರ ಜೊತೆಗೆ ವರಾಂಡದಲ್ಲಿ ಗೋಡೆಪತ್ರಿಕೆ. ಬೆಳಿಗ್ಗೆ ಹೋಗಿ ನೋಡುತ್ತೇನೆ, ನಟ್ಟನಡುವೆ ನನ್ನ ಬರಹ. ಮಾಸ್ತರರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಇಡಿಯಾಗಿ ಇಳಿಸಿ, ಸುತ್ತ ಕೆಂಪು ಅಂಚು ಹಾಕಿ ಅಂಟಿಸಿದ್ದರು. ಓಡಿ ಹೋಗಿ, ಯಾರೂ ಓದುವುದಿಲ್ಲ ಅಂದಿದ್ದಿರಲ್ಲ ಸರ್ ಎಂದೆ. ಹೆಸರು ಹಾಕಿಲ್ಲವಲ್ಲ, ಒಂಬತ್ತನೇ ತರಗತಿಯ ವಿದ್ಯಾರ್ಥಿನಿ ಅಂತಷ್ಟೇ ಇದೆ, ಒಳ್ಳೆಯ ಬರಹವನ್ನು ಪಟ್ಟಿಯೊಳಗೆ ಮುಚ್ಚಿಡುವುದು ಪಾಪ ಎಂದರು. ಅವರ ಮುಖದಲ್ಲಿ ಕಪಟವಿರಲಿಲ್ಲ, ಅದೇ ನನಗಿರುವ ಸಿಟ್ಟು. ಕಪಟಿಯಾಗಿದ್ದರೆ ಬೈದು ಮರೆಯಬಹುದಿತ್ತು. ಆದರೆ ಬೈಯುವುದಾದರೆ ಮೊದಲು ನನ್ನನ್ನೇ ಬೈಯಬೇಕು. ಹರಿದು ಹಾಕಲು ಕೈಯಳತೆಯಲ್ಲೇ ಇತ್ತು, ನಾನು ಹರಿಯಲಿಲ್ಲ. ಕೆಂಪು ಅಂಚಿನೊಳಗೆ ನನ್ನ ಮಾತುಗಳು ಭಾಳ ಚಂದ ಕಾಣುತ್ತಿದ್ದವು.

ಸಂಜೆ ನಾಲ್ಕಕ್ಕೆ ಅಪ್ಪ ಬಂದ. ನಾನು ಕರೆದಿರಲಿಲ್ಲ. ನಿನ್ನ ಮಗಳು ಬರೆದದ್ದನ್ನು ಗೋಡೆಗೆ ಹಚ್ಚಿದ್ದಾರೆ ಎಂದು ಯಾರದೋ ಮಗ ಹೇಳಿ, ಸುದ್ದಿ ಎಂಜಿನ್ ಶೆಡ್ಡಿನವರೆಗೆ ಹೋಗಿತ್ತು. ಸಬಕಾರ ಹಚ್ಚಿ ತಿಕ್ಕಿದ ಮುಖ, ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ಹೋಗದ ಕಪ್ಪು. ಅಪ್ಪ ಓದು ಬಾರದವನಲ್ಲ. ನಿಜಾಮನ ಕಾಲದಲ್ಲಿ ನಾಲ್ಕನೆಯವರೆಗೆ ಉರ್ದು ಕಲಿತವನು, ಉರ್ದು ಪೇಪರನ್ನು ಓಣಿಗೆಲ್ಲ ಕೇಳುವಂತೆ ಓದುತ್ತಿದ್ದ. ಕನ್ನಡ ಬರೀ ಬಾಯಿಯದು, ಅಕ್ಷರ ಒಂದೂ ಬಾರದು. ಅವನ ವಯಸ್ಸಿನ ಎಷ್ಟೋ ಗಂಡಸರು ನಮ್ಮ ಕಡೆ ಹೀಗೇ ಇದ್ದರು, ತಮ್ಮ ಮಕ್ಕಳ ಪುಸ್ತಕ ತಾವು ಓದಲಾರದವರು. ಅಪ್ಪ ಗೋಡೆಯ ಮುಂದೆ ಕೈಕಟ್ಟಿ ನಿಂತು, ನನ್ನ ಬರಹ ಯಾವುದೆಂದು ಕೇಳಿ, ಕೆಂಪು ಅಂಚಿನ ಮೇಲೆ ಬೆರಳಾಡಿಸಿದ.

“ಓದು ಯವ್ವಾ,” ಎಂದ. “ಏನ್ ಬರ್ದಿ, ನಾನೂ ಕೇಳ್ತೀನಿ.”

ನಾನು ಓದಿದೆ. ಕಣ್ಣು ಹಾಳೆಯ ಮೇಲೆ, ಬಾಯಿಯಲ್ಲಿ ಬೇರೆಯೇ. ಒಂದು ತೋಪು, ಒಬ್ಬ ಹುಡುಗ, ಒಂದು ಮಂಗ್ಯಾ. ಹುಡುಗ ಕವಣೆ ಬೀಸಿದರೆ ಮಂಗ್ಯಾ ಕಲ್ಲನ್ನು ಕೈಯಲ್ಲಿ ಹಿಡಿದು, ಕಚ್ಚಿ ನೋಡಿ, ಇದು ಹಣ್ಣಾಗಿಲ್ಲ ಎಂದು ವಾಪಸ್ ಎಸೆಯುತ್ತದೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಕತೆಯಲ್ಲಿದ್ದ ಅಪ್ಪನನ್ನು ನಾನು ಪೂರಾ ತೆಗೆದುಹಾಕಿದ್ದೆ. ತಡವರಿಸದೆ, ಸಾಲು ಸಾಲಿಗೆ ಬೆರಳಿಟ್ಟು, ಹಾಗೆ ಸುಳ್ಳು ಓದಲು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಮುಗ್ಧತೆ ಹೋದದ್ದು ಹಳಿಯ ಪಕ್ಕ ಎಂದು ನಾನು ಬರೆದಿದ್ದೆ. ಅಲ್ಲ, ಅದು ಹೋದದ್ದು ಆ ವರಾಂಡದಲ್ಲಿ.

ಪಕ್ಕದಲ್ಲಿ ಯಾರೋ ನಿಂತಂತಾಯಿತು. ಶೆಡ್ಡಿನ ದೊಡ್ಡ ಸಾಹೇಬರು, ಅಂದಿನ ಮುಖ್ಯ ಅತಿಥಿ. ಶಾಲೆಗೆ ಬೆಂಚು ಕೊಡಿಸಿಯಾರು ಎಂದು ಕರೆದಿದ್ದರು. ಹುಬ್ಬಳ್ಳಿ ಕಡೆಯವರು, ಕನ್ನಡ ಬಲ್ಲವರು. ಅವರು ಹಾಳೆಯನ್ನು ಓದುತ್ತಿದ್ದರು, ನನ್ನ ಬಾಯಿಯನ್ನೂ ಕೇಳುತ್ತಿದ್ದರು. ಓದು ನಿಲ್ಲಿಸಿದೆ. ಸಾಹೇಬರು ಮತ್ತೊಮ್ಮೆ ಮೇಲಿಂದ ಓದಿದರು, ನಿಧಾನಕ್ಕೆ. ಇದು ಬರೆದದ್ದು ಯಾರು ಎಂದು ಮಾಸ್ತರರನ್ನು ಕೇಳಿದರು. ಮಾಸ್ತರರು ಹೆಮ್ಮೆಯಿಂದ ನನ್ನ ಹೆಗಲ ಮೇಲೆ ಕೈಯಿಟ್ಟು, ಇದರಲ್ಲಿ ಒಂದಕ್ಷರವೂ ಕಲ್ಪನೆಯಲ್ಲ, ಖರೆಯನ್ನೇ ಬರೆಯಲು ತಾವೇ ಹೇಳಿದ್ದು ಎಂದರು. ಅಷ್ಟಾದರೂ ನಾನು ಯಾರ ಮಗಳೆಂದು ಸಾಹೇಬರಿಗೆ ಗೊತ್ತಿರಲಿಲ್ಲ. ಶೆಡ್ಡಿನಲ್ಲಿ ಫೈರ್‌ಮನ್‌ಗಳಿಗೆ ಬರವಿರಲಿಲ್ಲ.

ಅಪ್ಪ ಮುಂದೆ ಬಂದ. ಎರಡೂ ಕೈ ಜೋಡಿಸಿದ್ದ. ಮುಖದ ತುಂಬ ನಗೆ.

“ನನ್ನ ಮಗಳ್ರಿ, ಸಾಹೇಬ್ರ,” ಎಂದ.

ಸಾಹೇಬರು ಅವನನ್ನು ನೋಡಿದರು, ನನ್ನನ್ನು ನೋಡಿದರು, ಭಾಳ ಚಂದ ಬರೆದಿದ್ದಾಳೆ ಎಂದು ಹೇಳಿ ಕುರ್ಚಿಯ ಕಡೆ ನಡೆದರು. ಅಪ್ಪ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದನ್ನೇ ಹೇಳಿದ. ಸಾಹೇಬರು ತನ್ನನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು, ಡ್ರೈವರ್ ಆಗುವಾಗ ನೆನಪಿಟ್ಟುಕೊಳ್ಳುತ್ತಾರೆ ಎಂದ. ನಾನು ಹೂಂ ಅಂದೆ.

ಮರುದಿನ ಗೋಡೆಯ ಮೇಲೆ ನನ್ನ ಹಾಳೆ ಇರಲಿಲ್ಲ. ಸಾಹೇಬರು ಆಳು ಕಳಿಸಿ ತರಿಸಿಕೊಂಡಿದ್ದರು. ಅವರಿಗೆ ಸಾಹಿತ್ಯದ ಮೇಲೆ ಎಷ್ಟು ಪ್ರೀತಿ ನೋಡು ಎಂದು ಮಾಸ್ತರರು ಇಡೀ ತರಗತಿಯ ಮುಂದೆ ಹೇಳಿದರು. ಶಾಲೆಗೆ ಬೆಂಚುಗಳೂ ಬಂದವು. ಅವುಗಳ ಮೇಲೆ ಕುಳಿತೇ ನಾನು ಹತ್ತನೇ ತರಗತಿ ಮುಗಿಸಿದೆ.

ಮೂರನೇ ವಾರ ಅಪ್ಪ ಮಧ್ಯಾಹ್ನವೇ ಮನೆಗೆ ಬಂದ. ಕೈಯಲ್ಲೊಂದು ಲಕೋಟೆ. ಎಂಜಿನ್ನಿನಿಂದ ಇಳಿಸಿದ್ದಾರೆ, ನಾಳೆಯಿಂದ ಶೆಡ್ಡಿನ ಗುಂಡಿಯಲ್ಲಿ ಬೂದಿ ಎತ್ತಬೇಕು, ಡ್ರೈವರ್ ಮಾತು ಇನ್ನು ಮುಗಿಯಿತು ಎಂದು ಅವ್ವನಿಗೆ ಹೇಳಿದ. ದನಿ ಏರಲಿಲ್ಲ. ಅವ್ವ ಹಣೆ ಬಡಿದುಕೊಂಡು, ಯಾವ ಹಾಳಾದವರು ಚಾಡಿ ಹೇಳಿದರೋ ಎಂದು ಓಣಿಯವರನ್ನೆಲ್ಲ ಶಪಿಸತೊಡಗಿದಳು. ಅಪ್ಪ ಅವಳನ್ನು ತಡೆಯಲಿಲ್ಲ, ಹೆಸರನ್ನೂ ಹೇಳಲಿಲ್ಲ. ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕುಳಿತು ನನ್ನನ್ನು ಕರೆದು ಲಕೋಟೆ ಕೊಟ್ಟ.

ಒಳಗೆ ಇಂಗ್ಲಿಷ್ ಪತ್ರ. ಅದರ ಹಿಂದೆ ನಾಲ್ಕು ಮಡಿಕೆಯ ಹಾಳೆ, ಕೆಂಪು ಅಂಚು. ಶೆಡ್ಡಿನಲ್ಲಿ ಯಾರೋ ಅದನ್ನು ಅವನಿಗೆ ಓದಿ ಹೇಳಿದ್ದರು, ಅವನ ಮುಖ ನೋಡಿದೊಡನೆ ತಿಳಿಯಿತು. ಈ ಸಲವಾದರೂ ಇದ್ದದ್ದನ್ನು ಇದ್ದಂತೆ ಓದಬೇಕು ಎಂದುಕೊಂಡು ಹಾಳೆ ಬಿಡಿಸಿದೆ. ನಮ್ಮ ಅಪ್ಪ ಎಂಜಿನ್ನಿನಲ್ಲಿ ಕೆಲಸ ಮಾಡುತ್ತಾನೆ ಎಂಬ ಮೊದಲ ಸಾಲು ಓದಿದೆ, ಅಷ್ಟೇ.

“ಅದು ಬ್ಯಾಡ,” ಎಂದ ಅಪ್ಪ. “ಅವತ್ತ ಗ್ವಾಡಿ ಮುಂದ ನಿಂತು ಓದಿದ್ಯಲ್ಲ, ಆ ಮಂಗ್ಯಾನ ಕತಿ ಓದು.”

ನಾನು ಅದೇ ಹಾಳೆಯನ್ನು ಹಿಡಿದು, ಸಾಲು ಸಾಲಿಗೆ ಬೆರಳಿಟ್ಟು, ಮಂಗ್ಯಾನ ಕತೆ ಓದಿದೆ. ಮಂಗ್ಯಾ ಕಲ್ಲನ್ನು ಕಚ್ಚಿ ನೋಡುವ ಜಾಗ ಬಂತು. ಅವತ್ತು ನಕ್ಕಷ್ಟೇ ಹೊತ್ತು, ಅವತ್ತಿನ ಹಾಗೆಯೇ ಹೊಟ್ಟೆ ಹಿಡಿದುಕೊಂಡು ಅಪ್ಪ ನಕ್ಕ.