ಶ್ರೀಕಾರ ಸೇರಿದ ಪಾಸ್‌ವರ್ಡ್

ಎರಡು ಸಾವಿರದ ಎಂಟೋ ಒಂಬತ್ತೋ ಇಸವಿ. ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿಯಿತ್ತು. ಕೆಲಸ ಕಲಿತಿದ್ದೆ, ತಾಳ್ಮೆ ಕಲಿತಿರಲಿಲ್ಲ.

ಶೃಂಗೇರಿಯಲ್ಲಿ ಒಬ್ಬರು ನಿವೃತ್ತ ಸಂಸ್ಕೃತ ಮೇಷ್ಟ್ರಿದ್ದರು. ಹಿಂದಿನ ದಿನವಷ್ಟೇ ಅವರ ಲ್ಯಾಪ್‌ಟಾಪಿಗೆ ವೈಫೈ ಜೋಡಿಸಿಕೊಟ್ಟು ಬಂದಿದ್ದೆ. ಮಧ್ಯಾಹ್ನ ಅವರ ಫೋನು. "ಇದು ಮತ್ತೆ ಮತ್ತೆ ಪಾಸ್‌ವರ್ಡ್ ಕೇಳ್ತದಲ್ಲ ಮಾರಾಯ." ಅವರ ಹಳೆಯ ಶಿಷ್ಯೆಗೆ ದೂರದ ಶಾಲೆಯೊಂದರಲ್ಲಿ ಕೆಲಸ ಸಿಗುವುದರಲ್ಲಿತ್ತು. ಮೇಷ್ಟ್ರ ಶಿಫಾರಸು ಪತ್ರ ಸಂಜೆ ಐದರೊಳಗೆ ಇ-ಮೇಲಿನಲ್ಲಿ ಹೋಗದಿದ್ದರೆ ಆ ಕೆಲಸ ಬೇರೆಯವರ ಪಾಲು. ಎರಡು ದಿನ ಕೂತು ಒಂದೊಂದೇ ಅಕ್ಷರ ಒತ್ತಿ ಬರೆದ ಪತ್ರ ಲ್ಯಾಪ್‌ಟಾಪಿನೊಳಗೇ ಉಳಿದಿತ್ತು.

ಫೋನಿನಲ್ಲೇ ಪಾಸ್‌ವರ್ಡನ್ನು ಮೂರು ಸಲ ಬಿಡಿಬಿಡಿಯಾಗಿ ಹೇಳಿದೆ. ಮೂರು ಸಲವೂ ಆಗಲಿಲ್ಲ. "ವಯಸ್ಸಾಗಿ ಕೈ ನಡುಗ್ತದೆ ಅಂತಾದ್ರೆ ಈ ಉಸಾಬರಿ ಯಾಕೆ ಬೇಕಿತ್ತು ಮೇಷ್ಟ್ರೇ?" ಅಂದುಬಿಟ್ಟೆ. ಮೇಷ್ಟ್ರು ಫೋನಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂಗಡಿಯ ಶಟರ್ ಎಳೆದು ಬಸ್ ಹತ್ತಿದೆ.

ತಲುಪಿದಾಗ ನಾಲ್ಕು ದಾಟಿತ್ತು. "ನೀವೇ ಒತ್ತಿ, ನೋಡ್ತೇನೆ" ಅಂದೆ. ಪರದೆಯ ಮೇಲೆ ಬರೀ ಚುಕ್ಕಿ ಮೂಡುವುದರಿಂದ ಅವರ ಬೆರಳನ್ನೇ ನೋಡುತ್ತ ನಿಂತೆ. ಬೆರಳು ನಡುಗಲಿಲ್ಲ. ನಾನು ಹೇಳಿಕೊಟ್ಟಿದ್ದಕ್ಕೂ ಮೊದಲು ಎಸ್, ಎಚ್, ಆರ್, ಐ ಒತ್ತಿತು.

"ಅದೆಂತದು ಮೊದಲಿಗೆ?"

"ಶ್ರೀಕಾರ. ಅದು ಹಾಕದೆ ಎಂತಾದ್ರೂ ಬರೆಯೋದುಂಟಾ?"

ಅದೊಂದನ್ನು ಬಿಟ್ಟು ಒತ್ತಿ ಅಂದೆ. ಎತ್ತಿದ ಕೈಯನ್ನು ಅವರು ಇಳಿಸಲೇ ಇಲ್ಲ. "ಐವತ್ತು ವರ್ಷದಲ್ಲಿ ಶ್ರೀ ಇಲ್ಲದೆ ಒಂದು ಚೀಟಿ ಬರೆದವನಲ್ಲ. ಆ ಕೂಸಿನ ಕೆಲಸದ ದಿವಸವೇ ಬಿಡು ಅಂತೀಯಲ್ಲ."

ನಾನೇ ಒತ್ತಿ ಎರಡು ನಿಮಿಷದಲ್ಲಿ ಮುಗಿಸಬಹುದಿತ್ತು. ಆದರೆ ಫೋನಿನಲ್ಲಿ ಆಡಿದ ಮಾತಿಗೆ ನಾಚಿಕೆಯಾಗುತ್ತಿತ್ತು. ಲ್ಯಾಪ್‌ಟಾಪಿಗೆ ವೈರ್ ಚುಚ್ಚಿ ಮೋಡೆಮ್ಮಿನ ಸೆಟ್ಟಿಂಗ್ ತೆರೆದೆ, ವೈಫೈ ಪಾಸ್‌ವರ್ಡಿನ ಮುಂದೆ ಶ್ರೀ ಸೇರಿಸಿದೆ. ವೈರ್ ತೆಗೆದ ಮೇಲೆ ಲ್ಯಾಪ್‌ಟಾಪು ಮತ್ತೆ ಪಾಸ್‌ವರ್ಡ್ ಕೇಳಿತು. ಅದನ್ನು ಸೇವ್ ಮಾಡಲು ನಿನ್ನೆ ಮರೆತವನು ನಾನೇ, ಅದಕ್ಕೇ ಇದು ಮತ್ತೆ ಮತ್ತೆ ಕೇಳುವುದು ಎಂದೂ ಮೇಷ್ಟ್ರಿಗೆ ಹೇಳಿದೆ.

ಮೇಷ್ಟ್ರು ತಮ್ಮ ಪದ್ಧತಿಯಂತೆಯೇ ಒತ್ತಿದರು. ವೈಫೈ ಸಿಕ್ಕಿತು.

"ಕಂಡ್ಯಾ, ಇದಕ್ಕೂ ಶ್ರೀಕಾರ ಬೇಕಿತ್ತು."

"ಹೌದು ಮೇಷ್ಟ್ರೇ" ಅಂದೆ.

ಪತ್ರ ಜೋಡಿಸಿ, ಶಿಷ್ಯೆಯ ಹೆಸರನ್ನು ಇನ್ನೊಮ್ಮೆ ಓದಿಕೊಂಡರು. ಐದಕ್ಕೆ ಹತ್ತು ನಿಮಿಷವಿತ್ತು. ಕಳಿಸುವ ಗುಂಡಿ ಒತ್ತುವಾಗ ಮಾತ್ರ ಅವರ ಕೈ ನಿಜವಾಗಿ ನಡುಗಿತು.