ಹಿಂದಿನ ಸೀಟಿನ ಗುಂಯ್

ಆ ಬೀದಿಯಲ್ಲಿ ಅವಳ ಹೆಸರು ಹೇಳಿ ವಿಳಾಸ ಕೇಳಿದರೆ ಯಾರಿಗೂ ತಿಳಿಯದು. ಸೈಲೆನ್ಸರಕ್ಕ ಎಂದರೆ ಸಾಕು, ಟೈರಂಗಡಿಯವನು ತಲೆಯೆತ್ತದೆ ಸ್ಪ್ಯಾನರಿನಿಂದಲೇ ಎದುರುಗಡೆ ತೋರಿಸುತ್ತಾನೆ. ತಗಡಿನ ಮಾಡು, ಗೋಡೆಯುದ್ದಕ್ಕೂ ನೇತುಹಾಕಿದ ಪೈಪುಗಳು, ಮೂಲೆಯಲ್ಲಿ ಆರ್ಗಾನ್ ವೆಲ್ಡಿಂಗಿನ ಸಿಲಿಂಡರು. ಒಳಬಾಗಿಲಿಗೆ ಅಡ್ಡಲಾಗಿ ಮೊಣಕಾಲೆತ್ತರದ ಒಂದು ಹಲಗೆ. ಹಲಗೆಯ ಈಚೆ ಗ್ಯಾರೇಜು, ಆಚೆ ಮನೆ. ಮಗ ಗುಂಡಣ್ಣ ಅಂಬೆಗಾಲಿಡಲು ಕಲಿತ ದಿನ ಬಂದ ಹಲಗೆ ಅದು; ನಟ್ಟು ಬೋಲ್ಟು ಏನೇ ಕಂಡರೂ ಅವನಿಗೆ ಅದು ಬಾಯಿಗೇ ಹೋಗಬೇಕು.

ಮದುವೆಗೆ ಮುಂಚಿನಿಂದಲೂ ಅವಳು ಊರವರ ಸೈಲೆನ್ಸರುಗಳಿಗೆ ತೇಪೆ ಹಾಕಿ ಹಾಕಿ ಕೈ ಪಳಗಿಸಿಕೊಂಡಿದ್ದಳು. ತೂತು ಬಿದ್ದದ್ದು, ಕಲ್ಲಿಗೆ ತಾಗಿ ನಜ್ಜುಗುಜ್ಜಾದದ್ದು, ತುಕ್ಕು ತಿಂದು ನಡುಬೀದಿಯಲ್ಲಿ ಕಳಚಿ ಬಿದ್ದದ್ದು, ಎಲ್ಲವೂ ಅವಳ ಬಳಿಗೇ. ಆದರೆ ತುದಿಯಿಂದ ತುದಿಯವರೆಗೆ ತನ್ನದೇ ಎನ್ನುವಂಥ ಒಂದು ಸೈಲೆನ್ಸರನ್ನು ಅವಳಿನ್ನೂ ಮಾಡಿರಲಿಲ್ಲ. ಮಾಡಬೇಕು, ಅದನ್ನು ತನ್ನ ಟರ್ಬೊ ಕಾರಿಗೇ ಹಾಕಬೇಕು, ಆ ಕಾರನ್ನು ಬೆಟ್ಟದ ರಸ್ತೆಯ ಓಟದಲ್ಲಿ ತಾನೇ ಓಡಿಸಬೇಕು ಎಂಬ ಆಸೆ ಬಸುರಿಯಾಗಿದ್ದಾಗಿನಿಂದ ಒಳಗೊಳಗೇ ಬೆಳೆದಿತ್ತು. ಈ ಸಲದ ಓಟ ಮುಂದಿನ ಭಾನುವಾರ. ಹೆಸರು ಕೊಟ್ಟಾಗಿತ್ತು. ಮನೆಯಲ್ಲಿ ಹೇಳಿರಲಿಲ್ಲ, ಅಷ್ಟೇ.

ಹೇಳಿದ್ದು ಊಟದ ಹೊತ್ತಿನಲ್ಲಿ. ಗಂಡ, ಶಾಲೆಯ ವ್ಯಾನು ಓಡಿಸುವವನು, ತುತ್ತು ಕೈಯಲ್ಲೇ ಹಿಡಿದು ಅಮ್ಮನ ಮುಖ ನೋಡಿದ. ಅತ್ತೆ ಜೀವಮಾನವಿಡೀ ಹೊಲಿಗೆ ಮಿಷನ್ನಿನ ಮುಂದೆ ಕೂತವರು. ಮಿಷನ್ನು ಒಂದು ಹನಿ ಎಣ್ಣೆ ಬೇಡಿದರೂ ಪಕ್ಕದ ಕೋಣೆಯಲ್ಲಿದ್ದ ಅವರ ಕಿವಿಗೆ ಗೊತ್ತಾಗುತ್ತಿತ್ತು.

"ಆ ಕಾರಲ್ಲೇ ತಾನೆ ನನ್ನ ಮೊಮ್ಮಗನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗೋದು?" ಎಂದರು ಅತ್ತೆ.

"ಹೂಂ ಅತ್ತೆ."

"ಹಾಗಾದ್ರೆ ಕೇಳು. ನಿನ್ನ ಪೈಪು ಹಾಕ್ಕೋ, ಬೇಡ ಅನ್ನಲ್ಲ. ಆದ್ರೆ ಆ ಕಾರಲ್ಲಿ ಗುಂಡಣ್ಣ ನಿದ್ದೆ ಮಾಡ್ಬೇಕು. ಮಾಡಿದ್ರೆ ಭಾನುವಾರ ನೀನು ಬೆಟ್ಟ ಹತ್ತು. ಮಾಡ್ಲಿಲ್ವೋ, ಹಳೇ ಸೈಲೆನ್ಸರ್ ವಾಪಸ್ ಹಾಕಿ ಮನೇಲಿ ಕೂತ್ಕೋ."

"ಆಯ್ತು," ಎಂದಳು ಅವಳು, ಹಿಂದೆಮುಂದೆ ನೋಡದೆ.

ಗಂಡ ತುತ್ತು ನುಂಗಿ ಗೊಣಗಿದ: "ತೊಟ್ಟಿಲಲ್ಲೇ ಮಲಗದೋನು ಕಾರಲ್ಲಿ ಮಲಗ್ತಾನಾ? ಒಪ್ಕೊಳ್ಳೋ ಮುಂಚೆ ನನ್ನನ್ನ ಒಂದ್ಮಾತು ಕೇಳ್ಬಾರ್ದಾ?"

"ಕೇಳಿದ್ರೆ ನೀವು ಬೇಡ ಅಂತಿದ್ರಿ."

ಮರುದಿನ ಬೆಳಿಗ್ಗೆಯೇ ಕಾರು ಸ್ಟ್ಯಾಂಡಿನ ಮೇಲೇರಿತು. ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ರಭಸಕ್ಕೇ ಗಿರಗಿರನೆ ತಿರುಗಿ, ಎಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುವ ಪುಟ್ಟ ಚಕ್ರ. ಅದನ್ನು ದಾಟಿದ ಹೊಗೆಗೆ ದಾರಿ ಸಲೀಸಾಗಿದ್ದಷ್ಟೂ ಚಕ್ರಕ್ಕೆ ಹುರುಪು. ಹಳೆಯ ಪೈಪೋ, ಟರ್ಬೊದಿಂದ ಇಳಿದ ಕೂಡಲೇ ಯಾರೋ ಕತ್ತು ಹಿಸುಕಿದ ಹಾಗೆ ಚಪ್ಪಟೆಯಾಗಿತ್ತು. "ಇಷ್ಟು ದಿನ ಮೂಗು ಹಿಡ್ಕೊಂಡೇ ಓಡ್ತಿದ್ಯಲ್ಲೋ, ಪಾಪ!" ಎಂದು ಅವಳು ಕಾರಿನ ಹೊಟ್ಟೆ ಸವರಿದಳು.

ಅಗಲವಾದ ಸ್ಟೀಲ್ ಪೈಪನ್ನು ಓರೆಯಾಗಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಬಿಲ್ಲೆಗೆ ಬಿಲ್ಲೆ ಬೆಸೆದು, ಎಲ್ಲೂ ಇರುಕಾಗದ ನುಣ್ಣನೆಯ ಬಾಗು ಮಾಡತೊಡಗಿದಳು. ಹೊಗೆ ಶುದ್ಧಿ ಮಾಡುವ ಕನ್ವರ್ಟರನ್ನು ಮಾತ್ರ ಮತ್ತೆ ಅದರ ಜಾಗಕ್ಕೇ ಕೂರಿಸಿದಳು. ಟೈರಂಗಡಿಯವನು ಇಣುಕಿ, "ಅದನ್ನೂ ಕಿತ್ತು ಬಿಸಾಕಕ್ಕ, ಕಾರು ಹಾರುತ್ತೆ ನೋಡು," ಎಂದ.

"ಆ ಹೊಗೆ ಮೊದ್ಲು ಹೋಗೋದು ನನ್ನ ಮಗನ ಮೂಗಿಗೇ ಕಣಪ್ಪ," ಎಂದು ಅವಳು ವೆಲ್ಡಿಂಗಿನ ಮುಖವಾಡ ಕೆಳಗೆಳೆದುಕೊಂಡಳು.

ಹಲಗೆಯ ಆಚೆಯಿಂದ ನಡುನಡುವೆ ಅಳು ಕೇಳುತ್ತಿತ್ತು. ಕೈ ತಿಕ್ಕಿ ತೊಳೆದು, ಅಂಗಿ ಬದಲಿಸಿ, ಹಾಲೂಡಿಸಿ, ತೇಗು ತೆಗೆಸಿ, ಮತ್ತೆ ಕಾರಿನಡಿಗೆ. ಒಂದು ಬೆಸುಗೆ ತಣ್ಣಗಾಗುವಷ್ಟರಲ್ಲಿ ಮಗುವಿನ ಬಟ್ಟೆ ಮಡಚಿಟ್ಟು ಬಂದುಬಿಡುತ್ತಿದ್ದಳು. ಆ ವಾರ ಅವಳ ಕಾಲು ನೆಲದ ಮೇಲೆ ನಿಲ್ಲಲೇ ಇಲ್ಲ.

ಗುರುವಾರ ಕಾರನ್ನು ಒಬ್ಬಳೇ ಹೆದ್ದಾರಿಗೆ ಒಯ್ದಳು. ಕಾಲು ಒತ್ತಿದ್ದೇ ತಡ, ಟರ್ಬೊ ಸುಂಯ್ ಎಂದು ಸೀಟಿ ಹಾಕಿತು. ಬೆನ್ನು ಸೀಟಿಗೆ ಅಂಟಿಕೊಂಡಿತು. ಮರಗಳು ಸರ್‍ರನೆ ಹಿಂದೆ ಸರಿದವು. ಮೊದಲೆಲ್ಲ ಟರ್ಬೊ ಏಳಲಿ ಎಂದು ಕಾಯಬೇಕಿತ್ತು, ಈಗ ಕೇಳುವ ಮೊದಲೇ ಹಾಜರು! "ಹೋ!" ಎಂದು ಅವಳು ಕಾರಿನೊಳಗೆ ಕೂಗಿಕೊಂಡು, ತನ್ನ ಕೂಗಿಗೆ ತಾನೇ ನಕ್ಕಳು.

ಅವಳು ಎಡವಿದ್ದು ಅಲ್ಲೇ. ಒಬ್ಬಳೇ ಇದ್ದಾಗ ಒಂದೋ ಜೋರಾಗಿ ಓಡಿಸಿದ್ದಳು, ಇಲ್ಲವೇ ಗಲ್ಲಿಯಲ್ಲಿ ತೆವಳಿದ್ದಳು. ಮಗುವನ್ನು ಕೂರಿಸಿಕೊಂಡು ಹೋಗುವ ಹದವಾದ ವೇಗದಲ್ಲಿ ಒಂದು ಗಳಿಗೆಯೂ ಓಡಿಸಿ ನೋಡಿರಲಿಲ್ಲ.

ಸಂಜೆ ಗುಂಡಣ್ಣನನ್ನು ಹಿಂದಿನ ಸೀಟಿನಲ್ಲಿ ಬಿಗಿದು, ಅವನ ಪಕ್ಕದಲ್ಲಿ ಅತ್ತೆಯನ್ನು ಕೂರಿಸಿಕೊಂಡು ಹೊರಟಳು. ಹೆದ್ದಾರಿ ಸೇರಿ ವೇಗ ಹದಕ್ಕೆ ಬಂದದ್ದೇ, ಕಾರಿನ ಒಳಗೆಲ್ಲ ಗುಂಯ್ ಎಂಬ ಸದ್ದು ತುಂಬಿಕೊಂಡಿತು. ಗುಂಡಣ್ಣ ತಾರಕಸ್ವರದಲ್ಲಿ ಅಳತೊಡಗಿದ.

"ಅಯ್ಯಯ್ಯೋ, ತಲೆಯೊಳಗೆ ಜೇನುಗೂಡು ಕಟ್ಟಿದ ಹಾಗಿದೆ! ನಿಲ್ಸೇ!" ಅತ್ತೆ ಕಿವಿ ಮುಚ್ಚಿಕೊಂಡರು. ಅವಳು ಗಾಬರಿಯಲ್ಲಿ ಒಮ್ಮೆ ವೇಗ ಹೆಚ್ಚಿಸಿ, ಆಮೇಲೆ ಇಳಿಸಿದಳು. ಅತ್ತೆ ಮೆಲ್ಲಗೆ ಕೈ ತೆಗೆದರು. "ತಾಳು. ಜೋರು ಮಾಡಿದಾಗ ಇರ್ಲಿಲ್ಲ, ಈಗ್ಲೂ ಇಲ್ಲ. ಆ ನಡುವಿನ ಒಂದು ವೇಗದಲ್ಲಿ ಮಾತ್ರ. ನನ್ನ ಮಿಷನ್ನೂ ಹಾಗೇ ಕಣೆ, ಒಂದು ಲೆಕ್ಕಕ್ಕೆ ತುಳಿದ್ರೆ ಮೇಜೆಲ್ಲ ಗಡಗಡ ನಡುಗ್ತಿತ್ತು."

"ಒಂದೇ ವೇಗ, ಒಂದೇ ಸ್ವರ!" ಅವಳ ಮುಖ ಅರಳಿತು. "ಹಾಗಾದ್ರೆ ಇದಕ್ಕೆ ಮದ್ದಿದೆ ಅತ್ತೆ!"

"ಭಾನುವಾರದೊಳಗೆ ಇದ್ರೆ ಸರಿ," ಎಂದರು ಅತ್ತೆ, ಮೊಮ್ಮಗನ ಕಣ್ಣೊರೆಸುತ್ತ.

ಮದ್ದು ಸರಳವಾಗಿತ್ತು. ತುದಿ ಮುಚ್ಚಿದ ಪೈಪೊಂದನ್ನು ಕೊಂಬೆಯ ಹಾಗೆ ಪಕ್ಕಕ್ಕೆ ಬೆಸೆದರೆ, ಸದ್ದು ಅದರೊಳಗೆ ಹೊಕ್ಕು, ತುದಿಗೆ ಬಡಿದು ಹಿಂದಿರುಗಿ, ಎದುರು ಬರುವ ತನ್ನ ಜೊತೆಗಾರನನ್ನೇ ಅಳಿಸಿಹಾಕುತ್ತದೆ. ಹೊಗೆಯ ದಾರಿಗೆ ಅಡ್ಡಿಯಿಲ್ಲ, ಟರ್ಬೊಗೆ ಲುಕ್ಸಾನಿಲ್ಲ. ಆದರೆ ಯಾವ ಸ್ವರವೋ ಅದಕ್ಕೆ ತಕ್ಕ ಉದ್ದವೇ ಬೇಕು. ಶುಕ್ರವಾರ ಲೆಕ್ಕ ಹಾಕಿ, ಕತ್ತರಿಸಿ, ಬೆಸೆದಳು. ಹೊರಟು ಅದೇ ಹದವಾದ ವೇಗ ಹಿಡಿದಾಗಲೂ ಕಾರು ಗಪ್‌ಚುಪ್. ಪಕ್ಕದಲ್ಲಿ ಕೂತಿದ್ದ ಗಂಡನ ಹೆಗಲಿಗೆ ಒಂದು ಗುದ್ದು ಕೊಡುವಷ್ಟು ಖುಷಿ. ಊರು ದಾಟುವಷ್ಟರಲ್ಲಿ ಮತ್ತೆ ಗುಂಯ್.

"ಮದ್ದಿನ ಅವಧಿ ಮುಗೀತು," ಎಂದ ಗಂಡ.

"ತಮಾಷೆ ಬೇಡ ರೀ, ನಂಗೆ ಅಳು ಬರ್ತಿದೆ." ಅವಳು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ಕಣ್ಣು ಮುಚ್ಚಿ ಕೂತಳು. ತಣ್ಣಗಿದ್ದಾಗ ಇಲ್ಲದ್ದು ಬಿಸಿಯಾದ ಮೇಲೆ ಬಂತು. ಬಿಸಿಯಾದ ಮೇಲೆ... ಧಡಕ್ಕನೆ ನೆಟ್ಟಗೆ ಕೂತಳು. "ಬಿಸಿ ಗಾಳೀಲಿ ಸದ್ದು ಬೇಗ ಓಡುತ್ತೆ! ಪೈಪು ಇನ್ನೂ ಉದ್ದ ಬೇಕು. ನಾನು ತಣ್ಣನೆ ಗಾಳಿ ಲೆಕ್ಕ ಹಿಡಿದು ಕತ್ತರಿಸ್ಬಿಟ್ಟೆ!"

"ಎಷ್ಟು ಉದ್ದ?"

"ಅದೇ ಗೊತ್ತಿಲ್ಲ. ಕೇಳಿಯೇ ಕಂಡುಹಿಡೀಬೇಕು."

ಶನಿವಾರ ಕೊಂಬೆಯ ಪೈಪಿನೊಳಗೆ ಇನ್ನೊಂದು ಪೈಪು ಜಾರುವ ಹಾಗೆ ಮಾಡಿದಳು, ಮಡಚುವ ಕೊಡೆಯ ಕಡ್ಡಿಯಂತೆ. ಎಷ್ಟು ಬೇಕೋ ಅಷ್ಟು ಎಳೆದು ಕ್ಲಾಂಪು ಬಿಗಿದರಾಯಿತು. ಸ್ಪೀಡೋಮೀಟರಿನ ಮುಳ್ಳು ಅಲ್ಲಾಡದಂತೆ ಒಂದೇ ವೇಗ ಹಿಡಿಯುವುದರಲ್ಲಿ ಶಾಲಾ ವ್ಯಾನಿನವನಿಗೆ ಸಾಟಿಯಿಲ್ಲ, ಹಾಗಾಗಿ ಸ್ಟೇರಿಂಗು ಗಂಡನಿಗೆ. ಕಿವಿಯ ಕೆಲಸ ಅತ್ತೆಗೆ. ಅವಳು ದಪ್ಪ ಕೈಗವಸು ತೊಟ್ಟು, ರಸ್ತೆ ಬದಿಯಲ್ಲಿ ನಿಲ್ಲಿಸಿದಾಗಲೆಲ್ಲ ಕಾರಿನಡಿ ತೂರಿ, ಬೆರಳಗಲ ಎಳೆದು, ಬಿಗಿದು, ಮೈಯೆಲ್ಲ ಧೂಳಾಗಿ ಬಂದು ಕೂರುತ್ತಿದ್ದಳು.

"ಇದೆ," ಎಂದರು ಅತ್ತೆ.

ಇನ್ನೊಂದು ಬೆರಳಗಲ.

"ಇದೆ. ಆದ್ರೆ ಸೊರಗಿದೆ."

ಇನ್ನೊಂದು.

"ಸ್ವಲ್ಪ... ಸ್ವಲ್ಪ... ಏಯ್, ಮಾತಾಡ್ಬೇಡ ಕಣೋ!"

"ನಾನೆಲ್ಲಮ್ಮ ಮಾತಾಡ್ದೆ? ಉಸಿರು ಬಿಟ್ಟೆ ಅಷ್ಟೇ."

"ಅದೂ ಬಿಡ್ಬೇಡ."

ಮತ್ತೊಮ್ಮೆ ಕಾರಿನಡಿ ಹೋಗಿ ಬಂದಳು. ಗಂಡ ವೇಗ ಹಿಡಿದ. ಅತ್ತೆ ತಲೆ ವಾಲಿಸಿ, ಸೂಜಿಗೆ ದಾರ ಪೋಣಿಸುವವರ ಹಾಗೆ ಕಣ್ಣು ಕಿರಿದು ಮಾಡಿ ಕೂತಿದ್ದರು.

"ಹೋಯ್ತು," ಎಂದರು.

ನಿಜಕ್ಕೂ ಹೋಗಿತ್ತು. ಉಳಿದದ್ದು ದೂರದಲ್ಲೆಲ್ಲೋ ಯಾರೋ ಗುನುಗುವಂಥ ಮಂದ ಸದ್ದು. ಗುಂಡಣ್ಣ ಹೆಬ್ಬೆರಳು ಬಾಯಿಗಿಟ್ಟ. ರೆಪ್ಪೆ ಒಮ್ಮೆ ವಾಲಿತು, ಎದ್ದಿತು, ಮತ್ತೆ ವಾಲಿತು. ಹೆಬ್ಬೆರಳು ತಾನಾಗಿ ಜಾರಿತು.

"ಅತ್ತೆ," ಅವಳು ಪಿಸುಗುಟ್ಟಿದಳು, "ನಾಳೆ ಬೆಟ್ಟ?"

"ಕೊಟ್ಟ ಮಾತು ಕೊಟ್ಟಿದ್ದೇ. ಹೋಗು."

ಗಂಡ ಮನೆಯ ಬೀದಿಗೆ ತಿರುಗಿಸಿ ಬ್ರೇಕಿಗೆ ಕಾಲಿಟ್ಟ. ಅತ್ತೆ ಹಿಂದಿನಿಂದ ಅವನ ಹೆಗಲು ಚಿವುಟಿದರು. "ನಿಲ್ಲಿಸ್ಬೇಡ್ವೋ! ನಿಲ್ಲಿಸಿದ್ರೆ ಏಳ್ತಾನೆ." ಕಾರು ಗ್ಯಾರೇಜನ್ನು ದಾಟಿ ಹೋಯಿತು. ಸುತ್ತು ಹೊಡೆದು ಮತ್ತೆ ದಾಟಿತು. ಟೈರಂಗಡಿಯವನು ಮೊದಲ ಸಲ ಕೈ ಬೀಸಿದ, ಎರಡನೆಯ ಸಲ ಬರೀ ಬಾಯಿ ತೆರೆದುಕೊಂಡು ನಿಂತ.

ಭಾನುವಾರ ಬೆಟ್ಟದ ಬುಡದಲ್ಲಿ ಸದ್ದಿನ ಮೀಟರು ಹಿಡಿದವನು ಅವಳ ಕಾರಿನ ಹಿಂದೆ ಬಗ್ಗಿ, ಮೀಟರನ್ನು ತಟ್ಟಿ ನೋಡಿ, ಎದ್ದು, ಸದ್ದು ಮಿತಿಯೊಳಗಿದೆ ಎಂದು ತಲೆಯಾಡಿಸಿದ. ಹಗ್ಗದ ಆಚೆ ಅತ್ತೆಯ ತೋಳಿನಲ್ಲಿ ಗುಂಡಣ್ಣ ಬಿಸಿಲಿಗೆ, ಗದ್ದಲಕ್ಕೆ ಕಿರಿಕಿರಿ ಮಾಡುತ್ತಿದ್ದ. ಅವಳು ಹೆಲ್ಮೆಟ್ಟಿನೊಳಗಿಂದಲೇ ಅವನಿಗೆ ಮುತ್ತು ಕೊಡುವ ಮುಖ ಮಾಡಿದಳು. ಬಾವುಟ ಬಿತ್ತು.

ಆಮೇಲಿನದು ಅವಳಿಗೆ ತುಣುಕು ತುಣುಕಾಗಿ ನೆನಪು. ಮೊದಲ ತಿರುವು, ಟರ್ಬೊದ ಸೀಟಿ, ಕಾಲು ಇಟ್ಟಲ್ಲೆಲ್ಲ ಸಿದ್ಧವಾಗಿ ನಿಂತ ಶಕ್ತಿ, ಮಣ್ಣಿಗೆ ಒಂದು ಚಕ್ರ ಜಾರಿ ಮತ್ತೆ ರಸ್ತೆ ಕಚ್ಚಿದ ಆ ಗಳಿಗೆ. ತನ್ನ ಕೈಯ ಒಂದೊಂದು ಬಿಲ್ಲೆಯೂ ಕೆಳಗೆ ಕೆಂಪಗೆ ಕಾದು, ಹಿಡಿದ ಹಿಡಿ ಬಿಡದೆ ಹಾಡುತ್ತಿದೆ ಎನಿಸಿತು. ಮೇಲೆ ತಲುಪಿ ಎಂಜಿನ್ ಆರಿಸಿದಾಗ ಬಾಯಿ ಕಿವಿಯವರೆಗೆ ಹೋಗಿತ್ತು. ಮೊದಲ ಸ್ಥಾನವೇನಲ್ಲ, ಆದರೆ ದೊಡ್ಡ ದೊಡ್ಡ ಕಾರುಗಳವರು ಬಂದು ಅವಳ ಕಾರಿನ ಕೆಳಗೆ ಬಗ್ಗಿ ನೋಡುತ್ತಿದ್ದರು. "ಪೈಪು ಯಾರ ಕೈಯಲ್ಲಿ ಮಾಡಿಸಿದ್ರಿ?" ಎಂದು ಒಬ್ಬ ಕೇಳಿದ. "ಇದೇ ಕೈಯಲ್ಲಿ," ಎಂದು ಗವಸು ಕಳಚಿ ತೋರಿಸಿದಳು.

ಓಟ ಮುಗಿಸಿದವರೆಲ್ಲ ಎಂಜಿನ್ ಆರಿಸಿಕೊಂಡೇ ಕಾರುಗಳನ್ನು ಸಾಲಾಗಿ ಬೆಟ್ಟದಿಂದ ಕೆಳಗಿಳಿಸಿದರು. ಹಗ್ಗದ ಬಳಿ ಅತ್ತೆ ನಿಂತಿದ್ದರು. ತೋಳಿನಲ್ಲಿ ಗುಂಡಣ್ಣನ ರಂಪ.

"ಏನಾಯ್ತತ್ತೆ?"

"ಏನಾಗೋದು? ನೀನು ಹೊರಟ ಸದ್ದು ಕೇಳಿದ್ದೇ ಹೆಗಲ ಮೇಲೆ ತಲೆ ಹಾಕಿದ. ಎಷ್ಟು ಚೆನ್ನಾಗಿ ಮಲಗಿದ್ದ! ನೀನು ಮೇಲೆ ಹೋಗಿ ಆರಿಸಿದ್ದೇ ಕಣ್ಣು ಬಿಟ್ಟ." ಅತ್ತೆ ಮೊಮ್ಮಗನ ಬೆನ್ನು ತಟ್ಟುತ್ತ ಬೆಟ್ಟದ ಕಡೆಗೆ ಗಲ್ಲ ಎತ್ತಿದರು. "ಇನ್ನೊಂದು ಸುತ್ತು ಇದೆ ತಾನೆ? ಬೇಗ ಹೋಗು ಮತ್ತೆ, ಮಗುಗೆ ನಿದ್ದೆ ಸಾಲಿಲ್ಲ."